ಎಲೆಯ ದಿನಚರಿ: ಹಣ್ಣಿನ ಗಿಡ ಯಾವ ಹೊತ್ತಿನಲ್ಲಿ ಎಷ್ಟು ದುಡಿಯುತ್ತದೆ?



ಹಸುವಿನ ದಿನಚರಿಯನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಯಾವ ಹೊತ್ತಿಗೆ ಹಾಲು ಕರೆಯಬೇಕು, ಯಾವಾಗ ಹಿಂಡಿ ಇಡಬೇಕು, ಎಷ್ಟು ಹೊತ್ತು ಮಲಗಿ ಮೆಲುಕು ಹಾಕಲು ಬಿಡಬೇಕು ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಒಂದು ದಿನ ಹೊತ್ತು ತಪ್ಪಿದರೆ ಸಂಜೆಯ ಅಳತೆಯಲ್ಲೇ ಅದು ಕಾಣುತ್ತದೆ.

ನಿಮ್ಮ ಕೊಟ್ಟಿಗೆಯ ಹಿಂದೆ ನಿಂತಿರುವ ಏಲಕ್ಕಿ ಬಾಳೆ, ಪರಂಗಿ, ಸೀಬೆ, ನಿಂಬೆ, ಮಾವು, ಸಪೋಟ ಗಿಡಗಳಿಗೂ ಹೀಗೆಯೇ ಒಂದು ದಿನಚರಿ ಇದೆ. ಬಿಸಿಲು ಇದ್ದಷ್ಟು ಹೊತ್ತೂ ಎಲೆ ಒಂದೇ ಸಮನೆ ದುಡಿಯುತ್ತದೆ, ಬಿಸಿಲು ಹೆಚ್ಚಾದಷ್ಟೂ ಹೆಚ್ಚು ದುಡಿಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ನಿಜವಲ್ಲ. ಬೇಸಿಗೆಯ ಸ್ವಚ್ಛ ಬಿಸಿಲಿನ ದಿನ ಹಣ್ಣಿನ ಗಿಡದ ಹೆಚ್ಚಿನ ದುಡಿಮೆ ಬೆಳಿಗ್ಗೆಯೇ ಮುಗಿಯುತ್ತದೆ. ಮಧ್ಯಾಹ್ನ ಅದು ಬಾಗಿಲು ಮುಚ್ಚಿಕೊಂಡು ಕೂರುತ್ತದೆ.

ಇದನ್ನು ತಿಳಿದುಕೊಂಡರೆ ಏನು ಲಾಭ? ಕಟ್ಟಾಯ, ಗೊರೂರು ಸುತ್ತಮುತ್ತಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಾಗಲಿ, ಮಾರ್ಚ್‌ನಿಂದ ಮೇವರೆಗೆ ಬೋರ್‌ವೆಲ್ ನೀರು ಎಂದರೆ ಹಣ. ತ್ರೀಫೇಸ್ ಕರೆಂಟ್ ಇರುವುದು ದಿನದಲ್ಲಿ ಕೆಲವೇ ಗಂಟೆ. ಆ ನೀರಿನಲ್ಲಿ ಮೊದಲ ಪಾಲು ಹಸುವಿಗೆ, ಎರಡನೆಯದು ಮೇವಿಗೆ, ಉಳಿದದ್ದು ಹಣ್ಣಿನ ಗಿಡಕ್ಕೆ. ಉಳಿದ ಆ ಸ್ವಲ್ಪ ನೀರನ್ನು, ನಿಮಗೆ ಉಳಿದಿರುವ ಸ್ವಲ್ಪ ಸಮಯವನ್ನು ಸರಿಯಾದ ಹೊತ್ತಿಗೆ ಕೊಟ್ಟರೆ ಗೊನೆ ತುಂಬುತ್ತದೆ. ಹೊತ್ತು ತಪ್ಪಿದರೆ ನೀರೂ ಹೋಗುತ್ತದೆ, ಕೆಲವೊಮ್ಮೆ ಗಿಡವೂ ಹೋಗುತ್ತದೆ.

ಎಲೆಯೆಂಬ ಅಡುಗೆಮನೆ

ಎಲೆ ಎಂದರೆ ಗಿಡದ ಅಡುಗೆಮನೆ. ಇಲ್ಲಿ ನಡೆಯುವ ಅಡುಗೆಗೆ ದ್ಯುತಿಸಂಶ್ಲೇಷಣೆ ಎಂದು ಹೆಸರು. ಬೇಕಾದ ಸಾಮಾನು ಎರಡೇ: ಬೇರಿನಿಂದ ಬರುವ ನೀರು, ಗಾಳಿಯಿಂದ ಬರುವ ಇಂಗಾಲದ ಡೈಆಕ್ಸೈಡ್. ಒಲೆಯ ಉರಿ ಎಂದರೆ ಬಿಸಿಲು. ಎಲೆಯ ಹಸಿರು ಬಣ್ಣವೇ ಆ ಬಿಸಿಲನ್ನು ಹಿಡಿದಿಡುವ ಪಾತ್ರೆ. ಅದನ್ನು ಪತ್ರಹರಿತ್ತು ಎನ್ನುತ್ತಾರೆ. ಅಡುಗೆ ಮುಗಿದಾಗ ಸಿಗುವುದು ಸಕ್ಕರೆ. ಹಣ್ಣಿನ ಸಿಹಿ, ಗೊನೆಯ ತೂಕ, ಕಾಂಡದ ದಪ್ಪ ಎಲ್ಲವೂ ಈ ಸಕ್ಕರೆಯಿಂದಲೇ ಆದದ್ದು. ಗೊಬ್ಬರ ಹಣ್ಣಾಗುವುದಿಲ್ಲ. ಅಡುಗೆ ಚೆನ್ನಾಗಿ ಆಗಲು ಅದು ಸಹಾಯ ಮಾಡುತ್ತದೆ, ಅಷ್ಟೆ.

ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಎಲೆಯ ಮೇಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಮೂಲಕ. ಇವು ಪತ್ರರಂಧ್ರಗಳು. ಹಣ್ಣಿನ ಗಿಡಗಳಲ್ಲಿ ಇವು ಹೆಚ್ಚಾಗಿ ಎಲೆಯ ಅಡಿಭಾಗದಲ್ಲಿರುತ್ತವೆ. ಪ್ರತಿ ರಂಧ್ರಕ್ಕೂ ಎರಡು ತುಟಿಗಳಿವೆ. ಎಲೆಯಲ್ಲಿ ನೀರು ತುಂಬಿದ್ದರೆ ತುಟಿ ಉಬ್ಬಿ ರಂಧ್ರ ತೆರೆದುಕೊಳ್ಳುತ್ತದೆ, ನೀರು ಕಡಿಮೆಯಾದರೆ ತುಟಿ ಸಡಿಲಾಗಿ ರಂಧ್ರ ಮುಚ್ಚಿಕೊಳ್ಳುತ್ತದೆ.

ಗಿಡದ ಕಷ್ಟ ಇಲ್ಲಿಯೇ ಇದೆ. ಗಾಳಿಯಲ್ಲಿ ಅದಕ್ಕೆ ಬೇಕಾದದ್ದು ಇರುವುದು ತೀರಾ ಸ್ವಲ್ಪ: 10,000 ಲೀಟರ್ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 4 ಲೀಟರ್ ಮಾತ್ರ. ಅಷ್ಟನ್ನು ಹಿಡಿಯಲು ಬಾಗಿಲು ತೆರೆದಿಡಲೇಬೇಕು. ತೆರೆದ ಬಾಗಿಲಿನಿಂದ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಬೇರು ಎಳೆದುಕೊಂಡ 100 ಲೀಟರ್ ನೀರಿನಲ್ಲಿ 97 ಲೀಟರಿಗೂ ಹೆಚ್ಚು ಹೀಗೆ ಆವಿಯಾಗುತ್ತದೆ. ಗಿಡದ ಮೈಗೆ ಸೇರುವುದು ಎರಡು ಮೂರು ಲೀಟರ್. ಆದ್ದರಿಂದ ಗಾಳಿಗಾಗಿ ಬಾಗಿಲು ತೆರೆಯಲೋ, ನೀರಿಗಾಗಿ ಮುಚ್ಚಲೋ ಎಂಬ ಲೆಕ್ಕಾಚಾರ ಗಿಡದೊಳಗೆ ದಿನವಿಡೀ ನಡೆದೇ ಇರುತ್ತದೆ.

ಬೆಳಗಿನಿಂದ ಸಂಜೆಯವರೆಗೆ

ಬೇಸಿಗೆಯ ಒಂದು ಸ್ವಚ್ಛ ದಿನ ಬಾಳೆ, ಮಾವು, ಸೀಬೆಯಂತಹ ಗಿಡಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ.

ಬೆಳಿಗ್ಗೆ 6ರಿಂದ 8: ನೀವು ಹಾಲು ಕರೆದು ಡೈರಿಗೆ ಹೊರಡುವ ಹೊತ್ತು. ರಾತ್ರಿಯಿಡೀ ಬೇರು ನೀರು ಎಳೆದು ಎಲೆಗಳನ್ನು ತುಂಬಿಸಿರುತ್ತದೆ. ಬೆಳಕು ಬಿದ್ದ ಕೂಡಲೇ ರಂಧ್ರಗಳು ತೆರೆಯತೊಡಗುತ್ತವೆ. ಒಲೆ ಹೊತ್ತಿದೆ, ಉರಿ ಇನ್ನೂ ಸಣ್ಣದು.

8ರಿಂದ 11: ಇದು ಗಿಡದ ಚಿನ್ನದಂತಹ ಹೊತ್ತು. ಬೆಳಕು ಬೇಕಾದಷ್ಟಿದೆ, ಗಾಳಿ ಇನ್ನೂ ತಂಪಾಗಿದೆ, ಎಲೆಯಲ್ಲಿ ನೀರಿದೆ. ದಿನದ ಅತಿ ಹೆಚ್ಚಿನ ಅಡುಗೆ ಸಾಮಾನ್ಯವಾಗಿ ಈ ಹೊತ್ತಿನಲ್ಲಿ ಆಗುತ್ತದೆ.

12ರಿಂದ 3: ನಮ್ಮ ಜಿಲ್ಲೆಯಲ್ಲಿ ಸೂರ್ಯ ದಿನದ ಅತಿ ಎತ್ತರಕ್ಕೆ ಬರುವುದು ಗಡಿಯಾರದಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೆ. ಏಪ್ರಿಲ್ ಕೊನೆಯ ವಾರದಲ್ಲಿ ಸರಿಯಾಗಿ ನೆತ್ತಿಯ ಮೇಲೇ ಬರುತ್ತಾನೆ. ಈ ಹೊತ್ತಿನಲ್ಲಿ ರಂಧ್ರಗಳು ಅರ್ಧಂಬರ್ಧ ಮುಚ್ಚಿಕೊಳ್ಳುತ್ತವೆ. ಬಿಸಿಲು ಅತಿ ಹೆಚ್ಚು, ಆದರೆ ಅಡುಗೆ ಕಡಿಮೆ. ಸಸ್ಯಶಾಸ್ತ್ರದಲ್ಲಿ ಇದನ್ನು ಮಧ್ಯಾಹ್ನದ ಕುಸಿತ ಎನ್ನುತ್ತಾರೆ.

3.30ರಿಂದ 5.30: ಬಿಸಿಲು ಇಳಿದಂತೆ ರಂಧ್ರಗಳು ಮತ್ತೆ ಸ್ವಲ್ಪ ತೆರೆಯುತ್ತವೆ. ದುಡಿಮೆ ಮತ್ತೆ ಏರುತ್ತದೆ, ಆದರೆ ಬೆಳಗಿನ ಮಟ್ಟಕ್ಕೆ ಬರುವುದು ಅಪರೂಪ. ಮಣ್ಣಿನಲ್ಲಿ ತೇವವೇ ಇಲ್ಲದಿದ್ದರೆ ಈ ಎರಡನೆಯ ಏರಿಕೆ ಬರುವುದೇ ಇಲ್ಲ. ತೀರಾ ಒಣಗಿದ ತೋಟದಲ್ಲಿ ಗಿಡ 10 ಗಂಟೆಗೇ ಬಾಗಿಲು ಮುಚ್ಚಿ ಮಾರನೆಯ ಬೆಳಿಗ್ಗೆಯವರೆಗೆ ತೆಪ್ಪಗಿರುತ್ತದೆ.

ಮಧ್ಯಾಹ್ನ ಬಾಗಿಲು ಮುಚ್ಚುವುದೇಕೆ?

ಮೊದಲ ಕಾರಣ, ಗಾಳಿಯ ಬಾಯಾರಿಕೆ. ಬೆಳಿಗ್ಗೆ 7 ಗಂಟೆಗೆ ಒಗೆದು ಹರವಿದ ಸೀರೆ ಒಣಗುವುದಕ್ಕೂ ಮಧ್ಯಾಹ್ನ 2 ಗಂಟೆಗೆ ಹರವಿದ್ದು ಒಣಗುವುದಕ್ಕೂ ಎಷ್ಟು ವ್ಯತ್ಯಾಸ ಎಂದು ನಿಮಗೆ ಗೊತ್ತು. ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ 20 ಡಿಗ್ರಿ ಉಷ್ಣಾಂಶ, ಶೇ. 85 ತೇವಾಂಶ ಇದೆ ಎನ್ನಿ. ಮಧ್ಯಾಹ್ನ 34 ಡಿಗ್ರಿ, ಶೇ. 30 ತೇವಾಂಶ ಎನ್ನಿ. ಗಾಳಿ ನೀರನ್ನು ಹೀರುವ ಬಲ ಬೆಳಗಿಗಿಂತ ಮಧ್ಯಾಹ್ನ ಸುಮಾರು 10 ಪಟ್ಟು ಹೆಚ್ಚಾಗಿರುತ್ತದೆ. ಬೇರು ಎಷ್ಟೇ ಎಳೆದರೂ ಅಷ್ಟು ನೀರನ್ನು ಅಷ್ಟು ಬೇಗ ಎಲೆಗೆ ಮುಟ್ಟಿಸಲಾಗದು. ಆದ್ದರಿಂದ ಬುಡದಲ್ಲಿ ನೀರಿದ್ದರೂ ಗಿಡ ಬಾಗಿಲು ಎಳೆದುಕೊಳ್ಳುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯ ಕಾರಣ, ಹೆಚ್ಚಾದ ಬೆಳಕು. 40 ಲೀಟರಿನ ಕ್ಯಾನಿಗೆ 60 ಲೀಟರ್ ಹಾಲು ಸುರಿದರೆ ಉಳಿದದ್ದು ನೆಲಕ್ಕೆ. ಹಣ್ಣಿನ ಗಿಡದ ಒಂದೊಂದು ಎಲೆಗೆ ಪೂರ್ಣ ಬಿಸಿಲಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಬೆಳಕು ಸಾಕು. ಅದಕ್ಕಿಂತ ಹೆಚ್ಚಿನದು ಅಡುಗೆಗೆ ಒದಗದು. ಎಲೆ ಅದನ್ನು ಶಾಖವಾಗಿ ಹೊರಹಾಕಬೇಕು. ಜೊತೆಗೆ ಸೆಕೆ ಹೆಚ್ಚಿ ಬಾಗಿಲು ಮುಚ್ಚಿದಾಗ ಎಲೆಯೊಳಗಿನ ಕೆಲಸದ ಕಿಣ್ವ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿಯತೊಡಗುತ್ತದೆ. ಆಗ ಮಾಡಿದ ಅಡುಗೆಯಲ್ಲೇ ಒಂದು ಪಾಲು ಹಾಳಾಗುತ್ತದೆ. ಸಾಧಾರಣ ದಿನದಲ್ಲೂ ಈ ನಷ್ಟ ಸುಮಾರು ಕಾಲು ಭಾಗ. ಸೆಕೆಯಲ್ಲಿ ಇನ್ನೂ ಹೆಚ್ಚು.

ಮೂರನೆಯ ಕಾರಣ, ಸಕ್ಕರೆ ಸಾಗದಿರುವುದು. ಟ್ಯಾಂಕರ್ ಬಾರದಿದ್ದರೆ ಶೀತಲೀಕರಣ ಘಟಕ ತುಂಬಿ, ಹೊಸ ಹಾಲು ತೆಗೆದುಕೊಳ್ಳಲು ಜಾಗವಿರುವುದಿಲ್ಲ ಅಲ್ಲವೇ? ಎಲೆಯಲ್ಲೂ ಹಾಗೆಯೇ. ಬೆಳಗಿನಿಂದ ಮಾಡಿದ ಸಕ್ಕರೆ ಕಾಯಿಗೆ, ಬೇರಿಗೆ, ಚಿಗುರಿಗೆ ಸಾಗುತ್ತಿದ್ದರೆ ಎಲೆ ದುಡಿಯುತ್ತದೆ. ಸಾಗದೆ ಎಲೆಯಲ್ಲೇ ತುಂಬಿಕೊಂಡರೆ ಒಲೆಯ ಉರಿ ತಾನಾಗಿ ತಗ್ಗುತ್ತದೆ.

ಬಾಳೆಯ ಎಲೆಯೇ ಗಡಿಯಾರ

ಇದನ್ನೆಲ್ಲ ಉಪಕರಣವಿಲ್ಲದೆ ಕಣ್ಣಿನಿಂದಲೇ ನೋಡಬಹುದು. ಬೆಳಿಗ್ಗೆ 7ಕ್ಕೆ ಬಾಳೆ ಎಲೆ ಅಗಲವಾಗಿ ಹರಡಿರುತ್ತದೆ. ಬಿಸಿಲೇರಿದಂತೆ ನಡುದಿಂಡಿನ ಎರಡೂ ಕಡೆಯ ಹಾಳೆಗಳು ಕೆಳಕ್ಕೆ ಬಾಗಿ, ಮನೆಯ ಮಾಡಿನಂತೆ ಇಳಿಜಾರಾಗುತ್ತವೆ. ಹೀಗೆ ಮಡಿಸಿಕೊಂಡರೆ ನೆತ್ತಿಯ ಬಿಸಿಲು ನೇರವಾಗಿ ಬೀಳದು, ಅಡಿಭಾಗದ ರಂಧ್ರಗಳಿಗೆ ಒಣಗಾಳಿಯೂ ಕಡಿಮೆ ತಾಗುತ್ತದೆ. ಸಂಜೆ ಎಲೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಇದು ರೋಗವಲ್ಲ, ಎಲ್ಲ ಸಲವೂ ನೀರಿನ ಕೊರತೆಯೂ ಅಲ್ಲ. ಪರಂಗಿ ಎಲೆ ಮಧ್ಯಾಹ್ನ ಜೋತು ಬೀಳುವುದೂ ಹೀಗೆಯೇ. ಅದನ್ನು ಕಂಡು ಗಾಬರಿಯಾಗಿ ಪ್ರತಿದಿನ ಬುಡಕ್ಕೆ ಕೊಡಗಟ್ಟಲೆ ನೀರು ಸುರಿಯುವವರಿದ್ದಾರೆ. ಪರಂಗಿಯ ಬೇರು ನಿಂತ ನೀರನ್ನು ತಡೆಯದು. ಒಂದೆರಡು ದಿನ ಬುಡದಲ್ಲಿ ನೀರು ನಿಂತರೂ ಬುಡ ಕೊಳೆತು ಗಿಡ ಉರುಳಬಹುದು. ಬಾಯಾರಿದೆ ಎಂದು ತಿಳಿದು ಮುಳುಗಿಸಿದ ಹಾಗಾಗುತ್ತದೆ.

ಹಾಗಾದರೆ ನಿಜವಾದ ಬಾಯಾರಿಕೆಯನ್ನು ಗುರುತಿಸುವುದು ಹೇಗೆ? ಗಿಡವನ್ನು ಮಧ್ಯಾಹ್ನ ನೋಡಬೇಡಿ, ಬೆಳಿಗ್ಗೆ ಬಿಸಿಲು ಬೀಳುವ ಮುನ್ನ ನೋಡಿ. ರಾತ್ರಿಯಿಡೀ ಬೇರಿಗೆ ಸಮಯ ಸಿಕ್ಕಿದೆ. ಆದರೂ ಬಾಳೆ ಎಲೆ ಮಡಿಸಿಕೊಂಡೇ ಇದ್ದರೆ, ಪರಂಗಿ ಅಥವಾ ಸೀಬೆ ಎಲೆ ಜೋತೇ ಇದ್ದರೆ, ಬುಡದ ಮಣ್ಣನ್ನು ಒಂದು ಗೇಣು ಕೆದಕಿ ನೋಡಿ. ಮಣ್ಣು ಒಣಗಿದ್ದರೆ ಗಿಡಕ್ಕೆ ನೀರು ಬೇಕು. ಮಣ್ಣು ಹಸಿಯಾಗಿದ್ದೂ ಎಲೆ ಬೆಳಿಗ್ಗೆಯೇ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ: ಕೊಳೆ ಅಥವಾ ಹುಳ. ಆಗ ನೀರು ನಿಲ್ಲಿಸಿ, ತೋಟಗಾರಿಕೆ ಇಲಾಖೆಯವರನ್ನೋ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ.

ಎಲ್ಲ ಗಿಡವೂ ಒಂದೇ ಅಲ್ಲ

ನಿಮ್ಮ ಮೇವಿನ ಹೊಲಕ್ಕೆ ಬನ್ನಿ. ಅದೇ ಮಧ್ಯಾಹ್ನದ ಬಿಸಿಲಿನಲ್ಲಿ ನೇಪಿಯರ್ ಹುಲ್ಲು, ಮುಸುಕಿನ ಜೋಳ, ಜೋಳ, ರಾಗಿ ಮತ್ತು ಕಬ್ಬು ಬುಡದಲ್ಲಿ ತೇವವಿದ್ದರೆ ಅಷ್ಟಾಗಿ ಸುಸ್ತಾಗುವುದಿಲ್ಲ. ಇವುಗಳ ಎಲೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಮೊದಲೇ ಹಿಡಿದು ಒತ್ತಿ ಕೂಡಿಸಿಕೊಡುವ ಒಂದು ಏರ್ಪಾಡಿದೆ. ಆದ್ದರಿಂದ ರಂಧ್ರ ಸ್ವಲ್ಪವೇ ತೆರೆದಿದ್ದರೂ ಅಡುಗೆ ನಡೆಯುತ್ತದೆ. ಮೇಲೆ ಹೇಳಿದ ಕಾಲು ಭಾಗದ ನಷ್ಟವೂ ಇಲ್ಲಿಲ್ಲ ಎನ್ನುವಷ್ಟು ಕಡಿಮೆ. ನೇಪಿಯರ್ ಅಷ್ಟು ಬೇಗ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಅಲಸಂದೆ, ಕುದುರೆ ಮಸಾಲೆ ಸೊಪ್ಪು, ಅಗಸೆ, ಭತ್ತ ಇವೆಲ್ಲ ಹಣ್ಣಿನ ಗಿಡಗಳ ಗುಂಪಿಗೆ ಸೇರಿದವು.

ಮೂರನೆಯ ಗುಂಪು ಇನ್ನೂ ವಿಚಿತ್ರ. ಅನಾನಸ್, ಡ್ರ್ಯಾಗನ್ ಹಣ್ಣು, ಪಾಪಾಸುಕಳ್ಳಿ, ಕತ್ತಾಳೆ ಇವು ಹಗಲು ರಂಧ್ರ ಮುಚ್ಚಿ ರಾತ್ರಿ ತೆರೆಯುತ್ತವೆ. ರಾತ್ರಿಯ ತಂಪಿನಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿದು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು ಬೆಳಕಿನಲ್ಲಿ ಅಡುಗೆ ಮಾಡುತ್ತವೆ. ರಾತ್ರಿಯೇ ಹಿಟ್ಟು ರುಬ್ಬಿಟ್ಟು ಬೆಳಿಗ್ಗೆ ದೋಸೆ ಹೊಯ್ದ ಹಾಗೆ. ಇವು ಕಡಿಮೆ ನೀರಿನಲ್ಲಿ ಬದುಕುವುದು ಇದರಿಂದಲೇ.

ಈ ಗುಟ್ಟಿನ ಒಂದು ಎಳೆ ಸಿಕ್ಕಿದ್ದು ನಮ್ಮ ದೇಶದಲ್ಲಿ, ಬರೀ ನಾಲಿಗೆಯಿಂದ. ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಟಿಪ್ಪು ಸುಲ್ತಾನರ ಕಾಲದ ನಂತರ ಬೆಂಗಳೂರಿನ ಲಾಲ್‌ಬಾಗ್ ತೋಟದ ಉಸ್ತುವಾರಿಯನ್ನೂ ನೋಡಿಕೊಂಡವರು. ನಾವು ಕಾಡುಬಸಳೆ ಎನ್ನುವ, ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುವ ಗಿಡವನ್ನು ಅವರು ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗಿಟ್ಟು ನೋಡಿದರು. ಬೆಳಿಗ್ಗೆ ಎಲೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ! 1815ರಲ್ಲಿ ಪ್ರಕಟವಾದ ಅವರ ಪತ್ರ ಈ ವಿಷಯದ ಅಧ್ಯಯನದಲ್ಲಿ ಇಂದಿಗೂ ನೆನಪಿನಲ್ಲಿದೆ. ರಾತ್ರಿ ಕೂಡಿಟ್ಟ ಹುಳಿ ಹಗಲು ಖರ್ಚಾಗುವುದನ್ನೇ ಅವರ ನಾಲಿಗೆ ಹಿಡಿದಿತ್ತು.

ರಾತ್ರಿ ಕಾಯಿ ತುಂಬುತ್ತದೆ

ಹಗಲು ಎಲೆಯಲ್ಲಿ ಉಳಿದ ಸಕ್ಕರೆಯ ಒಂದು ಭಾಗ ಪಿಷ್ಟವಾಗಿ ಕೂಡಿರುತ್ತದೆ. ರಾತ್ರಿ ಅದು ಕರಗಿ ಕಾಯಿಗೆ, ಬೇರಿಗೆ ಸಾಗುತ್ತದೆ. ಮಧ್ಯಾಹ್ನ ನೀರು ಕಳೆದುಕೊಂಡು ತುಸು ಕುಗ್ಗಿದ ಕಾಯಿಯೂ ರಾತ್ರಿ ಮತ್ತೆ ಉಬ್ಬಿಕೊಳ್ಳುತ್ತದೆ. ಹಗಲಿನ ದುಡಿಮೆ ಎಷ್ಟೋ ರಾತ್ರಿಯ ತುಂಬುವಿಕೆಯೂ ಅಷ್ಟೇ.

ಆದ್ದರಿಂದ ಗೊನೆ ಹಾಕಿದ ಬಾಳೆಯ ಹಸಿರು ಎಲೆಗಳನ್ನು ಊಟಕ್ಕೆಂದೋ ಹಸುವಿಗೆಂದೋ ಕೊಯ್ಯಬೇಡಿ. ಗೊನೆ ಹೊರಟಾಗ ಗಿಡದ ಮೇಲೆ ಕನಿಷ್ಠ 8 ಒಳ್ಳೆಯ ಎಲೆಗಳಿರಬೇಕು. ಎಲೆ ಹೋದರೆ ಅಡುಗೆಮನೆಯೇ ಹೋಯಿತು, ಕಾಯಿ ಸಣ್ಣದಾಗುತ್ತದೆ. ಎಲೆ ಬೇಕೇ ಬೇಕಾದರೆ ಅದಕ್ಕೆಂದೇ ಎರಡು ಬುಡ ಬೇರೆ ಇಟ್ಟುಕೊಳ್ಳಿ.

ಕಾಲ ಬದಲಾದರೆ ದಿನಚರಿಯೂ ಬದಲು

ಮಾರ್ಚ್‌ನಿಂದ ಮೇ: ಮಧ್ಯಾಹ್ನದ ಕುಸಿತ ಅತಿ ಹೆಚ್ಚು. ಬೆಳಗಿನ ಮೂರು ಗಂಟೆಯೇ ಗಿಡದ ಬಂಡವಾಳ.

ಜೂನ್‌ನಿಂದ ಸೆಪ್ಟೆಂಬರ್: ಮೋಡ ಕವಿದ ದಿನ ಮಧ್ಯಾಹ್ನ ಕುಸಿತವೇ ಇರದು. ಗಾಳಿ ತೇವವಾಗಿರುವುದರಿಂದ ರಂಧ್ರಗಳು ತೆರೆದೇ ಇರುತ್ತವೆ. ಆದರೆ ಬೆಳಕೇ ಸಾಲದು. ಆಗ ಬೇಕಾದ ಕೆಲಸ ನೀರು ಬಸಿದುಹೋಗುವ ಹಾಗೆ ಮಾಡುವುದು, ಒತ್ತಾದ ಕೊಂಬೆ ತೆಗೆದು ಒಳಗಿನ ಎಲೆಗೂ ಬೆಳಕು ಬೀಳುವ ಹಾಗೆ ಮಾಡುವುದು.

ಅಕ್ಟೋಬರ್‌ನಿಂದ ಡಿಸೆಂಬರ್: ಮಣ್ಣಿನಲ್ಲಿ ತೇವ, ಹದವಾದ ಬಿಸಿಲು. ಎಲೆ ದಿನದ ಹೆಚ್ಚು ಹೊತ್ತು ದುಡಿಯುವ ಕಾಲ ಇದು. ಗೊಬ್ಬರ ಕೊಟ್ಟರೆ ಫಲ ಚೆನ್ನಾಗಿ ಸಿಗುತ್ತದೆ.

ನೀವು ಮಾಡಬಹುದಾದ ಕೆಲಸಗಳು

1. ಬೆಳಗಾಗುವಷ್ಟರಲ್ಲಿ ಬುಡದಲ್ಲಿ ತೇವವಿರಲಿ. ನೀರನ್ನು ಸಂಜೆ ತಡವಾಗಿಯೋ ಮುಂಜಾನೆಯೋ ಕೊಡಿ. ಕರೆಂಟ್ ರಾತ್ರಿಯೇ ಬಂದರೂ ಚಿಂತೆಯಿಲ್ಲ, ಬುಡದಲ್ಲಿ ನಿಂತ ತೇವ ಬೆಳಿಗ್ಗೆ ಕೆಲಸಕ್ಕೆ ಬರುತ್ತದೆ. ಎಲೆಯ ಮೇಲೆ ಮಾತ್ರ ರಾತ್ರಿ ನೀರು ಹಾಯಿಸಬೇಡಿ. ಎಲೆ ಒದ್ದೆಯಾಗಿದ್ದರೆ ಶಿಲೀಂಧ್ರ ರೋಗ ಬರುತ್ತದೆ. ಬೆಳೆದ ಬಾಳೆಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 15ರಿಂದ 20 ಲೀಟರ್, ಅಂದರೆ ಒಂದು ದೊಡ್ಡ ಕೊಡದಷ್ಟು ನೀರು ಸಾಕು. ವಾರಗಟ್ಟಲೆ ಒಣಗಿಸಿ ಒಮ್ಮೆಲೇ ಸುರಿಯಬೇಡಿ. ದಾಳಿಂಬೆಯ ಕಾಯಿ ಬಿರಿಯುವುದಕ್ಕೆ ಇದೇ ಮುಖ್ಯ ಕಾರಣ.

2. ಬುಡಕ್ಕೆ ಹೊದಿಕೆ ಹಾಕಿ. ಹಸು ತಿಂದು ಬಿಟ್ಟ ಮೇವಿನ ಕಡ್ಡಿ, ರಾಗಿ ಹುಲ್ಲಿನ ಚೂರು, ಒಣ ಬಾಳೆ ಎಲೆ, ತೆಂಗಿನ ಗರಿ ಯಾವುದಾದರೂ ಆದೀತು. ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಮಣ್ಣಿನಿಂದ ನೇರವಾಗಿ ಆವಿಯಾಗುವ ನೀರು ಉಳಿಯುತ್ತದೆ, ಬೇರು ತಂಪಾಗಿರುತ್ತದೆ. ಸಂಜೆಯ ಎರಡನೆಯ ಏರಿಕೆ ನಿಮ್ಮ ಗಿಡಕ್ಕೆ ಸಿಗಬೇಕಾದರೆ ಅತ್ಯಂತ ಅಗ್ಗದ ಉಪಾಯ ಇದು. ಹೈನು ಮಾಡುವ ಮನೆಯಲ್ಲಿ ಇದಕ್ಕೆ ಖರ್ಚೇ ಇಲ್ಲ.

3. ಪಶ್ಚಿಮಕ್ಕೆ ಮೇವಿನ ಮರ ನೆಡಿ. ಗಿಡಗಳ ಪಡುವಣ ಬದಿಯಲ್ಲಿ ಅಗಸೆ, ನುಗ್ಗೆ, ಗ್ಲಿರಿಸಿಡಿಯಾ ಒಂದು ಸಾಲು ಹಾಕಿದರೆ ಬೆಳಗಿನ ಬಿಸಿಲಿಗೆ ಅಡ್ಡಿಯಾಗದು. ಮಧ್ಯಾಹ್ನದ ನಂತರ ಚುರುಕು ಬಿಸಿಲನ್ನೂ ಒಣಗಾಳಿಯನ್ನೂ ತಡೆಯುತ್ತದೆ. ಕೊಯ್ದ ಸೊಪ್ಪು ಕೊಟ್ಟಿಗೆಗೆ ಆಗುತ್ತದೆ. ಹೊಸದಾಗಿ ನೆಟ್ಟ ಸಸಿಗೆ ಮೊದಲ ಬೇಸಿಗೆಯಲ್ಲಿ ನೈಋತ್ಯದ ಕಡೆ ತೆಂಗಿನ ಗರಿ ಚುಚ್ಚಿ ನೆರಳು ಕೊಡಿ.

4. ಸಿಂಪಡಣೆಗೆ ಹೊತ್ತು ನೋಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಬನಾನಾ ಸ್ಪೆಷಲ್, ಮ್ಯಾಂಗೋ ಸ್ಪೆಷಲ್‌ನಂತಹ ಲಘು ಪೋಷಕಾಂಶಗಳನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ, ಬೆಳಿಗ್ಗೆ ಬೇಗ ಅಥವಾ ಸಂಜೆ, ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ. ಮಧ್ಯಾಹ್ನ ಸಿಂಪಡಿಸಿದರೆ ದ್ರಾವಣ ಎಲೆ ಹೀರುವ ಮೊದಲೇ ಒಣಗುತ್ತದೆ, ಎಲೆ ಸುಡಲೂಬಹುದು. ಕೀಟನಾಶಕವಾದರೆ ಸಂಜೆಯೇ ಸರಿ. ಬೆಳಿಗ್ಗೆ ಜೇನುನೊಣ ಹೂವಿನ ಮೇಲಿರುತ್ತದೆ. ಸಿಂಪಡಿಸಿದ ಗಿಡದ ಕೆಳಗಿನ ಹುಲ್ಲನ್ನು ಹಸುವಿಗೆ ಕೊಯ್ಯಬೇಡಿ.

5. ಕೊಟ್ಟಿಗೆ ಗೊಬ್ಬರ ಕಳಿತಿರಲಿ. ಹಸಿ ಸಗಣಿ ನೇರವಾಗಿ ಬುಡಕ್ಕೆ ಹಾಕಿದರೆ ಗೊಣ್ಣೆಹುಳು ಬರುತ್ತದೆ, ಬೇರು ಕೆಡುತ್ತದೆ. ಬೇರು ಕೆಟ್ಟ ಗಿಡ ಬೆಳಿಗ್ಗೆಯ ಹೊತ್ತನ್ನೂ ಕಳೆದುಕೊಳ್ಳುತ್ತದೆ.

6. ಹಣ್ಣನ್ನು ತಂಪು ಹೊತ್ತಿನಲ್ಲಿ ಬಿಡಿಸಿ. ಮಧ್ಯಾಹ್ನ ಕಿತ್ತ ಸೀಬೆ, ಪರಂಗಿ ಒಳಗೆ ಬಿಸಿಯಾಗಿದ್ದು ಬೇಗ ಮೆತ್ತಗಾಗುತ್ತದೆ. ಬೆಳಿಗ್ಗೆ ಕಿತ್ತು ನೆರಳಿನಲ್ಲಿಡಿ.

ಗಮನಿಸಿ: ಬೇಸಿಗೆಯಲ್ಲಿ 12ರಿಂದ 3ರವರೆಗೆ ತೋಟದಲ್ಲಿ ನೀವು ಮಾಡಲೇಬೇಕಾದ ಕೆಲಸ ಇಲ್ಲಿ ಒಂದೂ ಇಲ್ಲ. ಆ ಹೊತ್ತು ಹಸುವಿಗೂ ನಿಮಗೂ ನೆರಳಿನಲ್ಲಿರುವ ಹೊತ್ತು.

ಮೇವು ಕೊಯ್ಯುವಾಗಲೂ ಇದೇ ಪಾಠ

ಎಲೆ ಹಗಲೆಲ್ಲ ಸಕ್ಕರೆ ಮಾಡಿ ರಾತ್ರಿ ಖರ್ಚು ಮಾಡುತ್ತದೆ ಎಂದಮೇಲೆ, ಮೇವಿನಲ್ಲಿ ಸಕ್ಕರೆ ಅತಿ ಹೆಚ್ಚಿರುವುದು ಸಂಜೆ, ಅತಿ ಕಡಿಮೆ ಇರುವುದು ಮುಂಜಾನೆ. ಅಮೆರಿಕದಲ್ಲಿ ಬೆಳಿಗ್ಗೆ ಮತ್ತು ಸಂಜೆ ಕೊಯ್ದ ಒಣಹುಲ್ಲನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ದನಗಳು ಸಂಜೆಯದನ್ನೇ ಹೆಚ್ಚು ತಿಂದವು. ಇದರಿಂದ ಹಾಲು ದಿಢೀರನೆ ಏರುತ್ತದೆ ಎಂದಲ್ಲ. ಅನುಕೂಲವಿದ್ದರೆ ಮೇವನ್ನು ಮಧ್ಯಾಹ್ನ 3ರ ನಂತರ ಕೊಯ್ಯಿರಿ, ಅಷ್ಟೆ.

ಆದರೆ ಒಂದು ಎಚ್ಚರಿಕೆ ಮುಖ್ಯ. ಬೇರು ಎಳೆದ ನೈಟ್ರೇಟನ್ನು ಸಸಾರಜನಕ, ಅಂದರೆ ಪ್ರೋಟೀನ್ ಆಗಿ ಬದಲಿಸಲು ಎಲೆಗೆ ಬೆಳಕು ಬೇಕು. ಹೆಚ್ಚು ಯೂರಿಯಾ ಹಾಕಿದ ಜೋಳ, ಮುಸುಕಿನ ಜೋಳ, ನೇಪಿಯರ್ ಮೇವಿನಲ್ಲಿ ಸತತ ಮೋಡದ ದಿನಗಳಲ್ಲಿ, ಅಥವಾ ಬರದಿಂದ ಬಾಡಿದ ಪೈರಿಗೆ ಮಳೆ ಬಿದ್ದ ಮೊದಲ ಕೆಲವು ದಿನಗಳಲ್ಲಿ ನೈಟ್ರೇಟ್ ಹಾಗೇ ಕೂಡಿಕೊಳ್ಳುತ್ತದೆ; ಮುಂಜಾನೆ ಇನ್ನೂ ಹೆಚ್ಚು. ಅಂತಹ ಮೇವನ್ನು ಹಸಿದ ಹಸುವಿಗೆ ಒಮ್ಮೆಲೇ ಹಾಕಬೇಡಿ. ಮೊದಲು ಒಣಹುಲ್ಲು ತಿನ್ನಿಸಿ, ಹಸಿ ಮೇವನ್ನು ಸ್ವಲ್ಪ ಸ್ವಲ್ಪವಾಗಿ, ಬೇರೆ ಮೇವಿನ ಜೊತೆ ಬೆರೆಸಿ ಕೊಡಿ. ಕಾಂಡದ ಬುಡದ ಭಾಗದಲ್ಲಿ ನೈಟ್ರೇಟ್ ಹೆಚ್ಚಾದ್ದರಿಂದ ತುಸು ಮೇಲಕ್ಕೆ ಕೊಯ್ಯಿರಿ. ಮೇವು ತಿಂದ ಮೇಲೆ ಹಸು ಏದುಸಿರು ಬಿಟ್ಟು ತೂರಾಡಿದರೆ, ಒಸಡು ಕಂದಿದಂತೆ ಕಂಡರೆ, ತಡಮಾಡದೆ ಪಶುವೈದ್ಯರನ್ನು ಕರೆಸಿ. ಎಳೆಯ ಅಥವಾ ಬಾಡಿದ ಜೋಳದ ಪೈರಿನಲ್ಲಿ ಬೇರೊಂದು ವಿಷವೂ ಇರುತ್ತದೆ. ಅದನ್ನು ಯಾವ ಹೊತ್ತಿನಲ್ಲೂ ಹಾಕಬೇಡಿ.

ಮಾಡಿ ನೋಡಿ

ಮೊದಲನೆಯದು: ಒಂದೇ ವಯಸ್ಸಿನ ಎರಡು ಬಾಳೆ ಗಿಡ ಆರಿಸಿ. ಒಂದರ ಬುಡಕ್ಕೆ ಹೊದಿಕೆ ಹಾಕಿ, ಇನ್ನೊಂದಕ್ಕೆ ಬೇಡ. ಎರಡಕ್ಕೂ ಒಂದೇ ಅಳತೆಯ ನೀರು ಕೊಡಿ. ಒಂದು ವಾರ ಬೆಳಿಗ್ಗೆ 7, 11, ಮಧ್ಯಾಹ್ನ 2, ಸಂಜೆ 5ಕ್ಕೆ ಎಲೆ ಹರಡಿದೆಯೋ ಮಡಿಸಿದೆಯೋ ಎಂದು ಮಕ್ಕಳಿಂದ ಬರೆಸಿ. ಯಾವ ಗಿಡ ಬೇಗ ಮಡಿಸಿ ತಡವಾಗಿ ಬಿಚ್ಚುತ್ತದೆ ಎಂಬುದನ್ನು ನೋಡಿ.

ಎರಡನೆಯದು: ಮನೆಯ ಬಳಿ ಕಾಡುಬಸಳೆ ಇದ್ದರೆ ಮುಂಜಾನೆ ಒಂದು ಚೂರು, ಸಂಜೆ ಒಂದು ಚೂರು ಎಲೆ ನಾಲಿಗೆಗಿಟ್ಟು ರುಚಿ ನೋಡಿ ಉಗುಳಿ. ಹಸುವಿಗೆ ಮಾತ್ರ ಈ ಗಿಡ ಹಾಕಬೇಡಿ, ದನಕ್ಕೆ ಅದು ವಿಷ.

ನೆನಪಿಡಿ

• ಬೇಸಿಗೆಯಲ್ಲಿ ಹಣ್ಣಿನ ಗಿಡದ ಮುಖ್ಯ ದುಡಿಮೆ ಬೆಳಿಗ್ಗೆ 8ರಿಂದ 11.
• ಮಧ್ಯಾಹ್ನ ಎಲೆ ಮಡಿಸಿದರೆ ಗಾಬರಿ ಬೇಡ. ಬೆಳಿಗ್ಗೆಯೂ ಮಡಿಸಿದ್ದರೆ ಬುಡ ಕೆದಕಿ ನೋಡಿ.
• ನೀರು ಸಂಜೆ ಅಥವಾ ಮುಂಜಾನೆ, ಬುಡಕ್ಕೆ ಮಾತ್ರ, ಹೊದಿಕೆಯ ಕೆಳಗೆ.
• ಗೊನೆ ಇರುವ ಬಾಳೆಯ ಎಲೆ ಕೊಯ್ಯಬೇಡಿ.
• ಮೋಡದ ದಿನಗಳಲ್ಲಿ ಯೂರಿಯಾ ತಿಂದ ಮೇವಿನ ಬಗ್ಗೆ ಎಚ್ಚರ.

ಮುಂದಿನ ಸಂಘದ ಸಭೆಯಲ್ಲಿ ಚರ್ಚಿಸಲು ಎರಡು ಪ್ರಶ್ನೆ: ನಿಮ್ಮ ಊರಿನಲ್ಲಿ ಕರೆಂಟ್ ಬರುವ ಹೊತ್ತಿಗೂ ಗಿಡಕ್ಕೆ ನೀರು ಬೇಕಾದ ಹೊತ್ತಿಗೂ ಹೊಂದಾಣಿಕೆ ಹೇಗೆ ಮಾಡುತ್ತೀರಿ? ಹಸು ಬಿಟ್ಟ ಮೇವಿನ ಕಡ್ಡಿ ಈಗ ಎಲ್ಲಿಗೆ ಹೋಗುತ್ತಿದೆ: ತಿಪ್ಪೆಗೋ, ಬೆಂಕಿಗೋ, ಗಿಡದ ಬುಡಕ್ಕೋ?